ಕಿಟಕಿ ಕಡೆಯ ಸಾಲು

ಶಿಡ್ಲಘಟ್ಟ
25 ನವೆಂಬರ್ 2024

ಪ್ರೀತಿಯ ತೇಜು,

ಅಂಚೆಯಲ್ಲಿ ಕಾಗದ ಬಂತೆಂದು ನಗಬೇಡ. ಫೋನಿನಲ್ಲಿ ಮಾತಾಡುವುದು ನನಗೆ ಮೊದಲಿನಿಂದಲೂ ಒಗ್ಗುವುದಿಲ್ಲ. ಮೆಸೇಜಿನಲ್ಲಿ ಎರಡು ಸಾಲು ಹಾಕಿ, ನೀನು ನೋಡಿದೆಯೋ ಇಲ್ಲವೋ ಎಂದು ಕಾಯುತ್ತ ಕೂರುವುದು ಇನ್ನೂ ಬೇಡ. ಬಿ.ಎಡ್. ಸೇರಿದ ಮೇಲೆ ನನಗೆ ಸಿಕ್ಕ ಒಬ್ಬಳೇ ಗೆಳತಿ ನೀನು. ನಿನಗೆ ಬರೆಯಬೇಕಾದರೆ ಒಂದು ಪೂರ್ತಿ ಹಾಳೆಯಾದರೂ ಬೇಕು.

ಇಲ್ಲಿ ಅಜ್ಜಿಯ ಮನೆಯಲ್ಲಿ, ನಮ್ಮ ನಾನಿಯ ಹತ್ತಿರ ಇದ್ದೇನೆ. ಕಾಲೇಜಿನವರು ನನ್ನ ಇಂಟರ್ನ್‌ಶಿಪ್ಪನ್ನು ಈ ಊರಿನ ಸರ್ಕಾರಿ ಹೈಸ್ಕೂಲಿಗೆ ಬದಲಾಯಿಸಿದ್ದಾರೆ. ಆರ್.ಟಿ. ನಗರದಲ್ಲಿ ನಮ್ಮ ಬೀದಿಯವರಿಗೆಲ್ಲ ಅಮ್ಮಿ, ನಾನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಹೇಳಿದ್ದಾಳೆ. ಹುಷಾರಿಲ್ಲದ ನಾನಿ ಮೆಹಬೂಬ್ ಬೀ ದಿನಾ ನನಗಿಂತ ಮೊದಲು ಎದ್ದು, ಅಂಗಳ ಗುಡಿಸಿ, ನನ್ನ ಬುತ್ತಿಯನ್ನೂ ಕಟ್ಟಿಟ್ಟಿರುತ್ತಾಳೆ.

ಆ ಚೀಟಿಯ ವಿಷಯ ಬಿಟ್ಟು ಬೇರೆ ಏನಾದರೂ ಬರೆಯೋಣವೆಂದು ಕೂತೆ. ಆಗುತ್ತಿಲ್ಲ.

ಚಿಕ್ಕಜಾಲದ ಶಾಲೆಯಲ್ಲಿ ನಾವು ನಾಲ್ವರೂ ಒಬ್ಬರ ಪಾಠಕ್ಕೆ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂತು, 'ಧ್ವನಿ ಸ್ಪಷ್ಟ, ತರಗತಿ ನಿಯಂತ್ರಣ ಉತ್ತಮ' ಎಂದು ಕಣ್ಣು ಮುಚ್ಚಿ ಬರೆದುಕೊಡುತ್ತಿದ್ದೆವು ಎಂದು ತಾನೇ ಕಾಲೇಜಿನ ಮುರಿಗೆಪ್ಪ ಸರ್ ಆ ನಿಯಮ ಮಾಡಿದ್ದು? ವೀಕ್ಷಣೆಯ ಚೀಟಿಗೆ ಹೆಸರು ಬೇಡ, ಟೈಪ್ ಮಾಡಿ ಡಬ್ಬಕ್ಕೆ ಹಾಕಿ, ಸ್ನೇಹಕ್ಕೆ ಬಿದ್ದು ಸುಳ್ಳು ಬರೆಯುವುದು ತಪ್ಪುತ್ತದೆ ಎಂದರು. ಅವರು ಬಂದು ತೆರೆಯಬೇಕಾಗಿದ್ದ ಡಬ್ಬವನ್ನು ಹೆಡ್‌ಮಾಸ್ಟರ್ ತಾವೇ ತೆರೆದರು. ನೀನು ಆಗ ಆ ಕೋಣೆಯಲ್ಲಿ ಇರಲಿಲ್ಲ. ಶಾಲಾ ಸಮಿತಿಯ ಇಬ್ಬರ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಓದಿದರು. ನನಗದು ಬಾಯಿಪಾಠವಾಗಿದೆ: "ಇವರು ಕಿಟಕಿ ಕಡೆಯ ಸಾಲಿನ ಮಕ್ಕಳನ್ನು ಬೇಕೆಂದೇ ಕಡೆಗಣಿಸುತ್ತಾರೆ. ತಮಗೆ ಬೇಕಾದ ಮಕ್ಕಳ ಕಡೆಗೆ ಮಾತ್ರ ತಿರುಗಿ ಪಾಠ ಮಾಡುತ್ತಾರೆ."

ಬಾಗಿಲ ಕಡೆಯ ಸಾಲಿನಲ್ಲಿ ಸ್ಕಾರ್ಫ್ ಹಾಕಿದ ಮೂವರು ಹುಡುಗಿಯರು ಕೂರುತ್ತಾರಲ್ಲ. 'ಬೇಕಾದ ಮಕ್ಕಳು' ಎಂದರೆ ಯಾರು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರಿಗೂ ಅರ್ಥವಾಗಿತ್ತು. ಆಮೇಲೆ ಕಿಟಕಿ ಸಾಲಿನ ರಾಣಿಯನ್ನು ಕರೆಸಿದರು. ಹೌದು, ನಾನು ಕೇಳಿದರೆ ಮಿಸ್ ಉತ್ತರ ಕೊಡುವುದಿಲ್ಲ ಎಂದಳು. ಅದನ್ನು ಅವಳ ಕೈಯಲ್ಲೇ ಬರೆಸಿಕೊಂಡರು. ಒಂಬತ್ತನೇ ಕ್ಲಾಸಿನ ಹುಡುಗಿ, ಪಾಪ.

ಆ ದಿನ ಹಿಂದಿನ ಬೆಂಚಿನಲ್ಲಿ ನೀನು ಮತ್ತು ಮೋನಿಷಾ ಇಬ್ಬರೇ ಇದ್ದದ್ದು. ಜಗನ್ ರಜೆ. ಬರೆದವಳು ಮೋನಿಷಾ ಎಂದು ನನಗೆ ಗೊತ್ತು. ನಾನು ಕೇಳುವುದು ಅದನ್ನಲ್ಲ. ಅದು ನಿಜವಾ, ತೇಜು? ನಾನು ಆ ಸಾಲನ್ನು ಬಿಟ್ಟು ಪಾಠ ಮಾಡಿದೆನಾ? ಹೌದಾದರೆ ಹೌದು ಅನ್ನು, ತಿದ್ದಿಕೊಳ್ಳುತ್ತೇನೆ. ನೀನು ಏನು ಹೇಳಿದರೂ ನಂಬುತ್ತೇನೆ.

ನಿನ್ನ
ದಿಲ್ಶಾದ್

*

ಯಲಹಂಕ
2 ಡಿಸೆಂಬರ್ 2024

ಪ್ರೀತಿಯ ದಿಲ್ಶಾದ್,

ನಮ್ಮ ಮನೆಗೆ ಅಂಚೆಯವನು ಬ್ಯಾಂಕಿನ ನೋಟೀಸು ಬಿಟ್ಟು ಬೇರೇನಾದರೂ ತಂದದ್ದು ಇದೇ ಮೊದಲು. ಅಮ್ಮ ಎರಡು ಸಲ ತಿರುಗಿಸಿ ನೋಡಿ, ಯಾವ ಹುಡುಗನದು ಎಂದು ಕೇಳಿದಳು. ದಿಲ್ಶಾದ್ ಎಂದೆ. ಅದು ಹುಡುಗನ ಹೆಸರೋ ಹುಡುಗಿಯದೋ ಎಂಬ ಅನುಮಾನ ಅವಳಿಗೆ ಇನ್ನೂ ಪೂರ್ತಿ ಹೋಗಿಲ್ಲ. ಈಗ ಅವರೆಕಾಯಿ ಬುಟ್ಟಿ ಮುಂದಿಟ್ಟುಕೊಂಡು ಕಾಳು ಹಿತುಕುತ್ತ ಒಂದು ಕಣ್ಣು ನನ್ನ ಮೇಲಿಟ್ಟಿದ್ದಾಳೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನೀನು ಎಲ್ಲ ಮಕ್ಕಳಿಗೂ ಒಂದೇ ರೀತಿ ಪಾಠ ಮಾಡಿದೆ. ನಾನು ಹಿಂದೆ ಕೂತು ನೋಡಿದ್ದೇನೆ. ಆ ಚೀಟಿಯನ್ನು ತಲೆಗೆ ಹಚ್ಚಿಕೊಳ್ಳಬೇಡ. ಮೋನಿಷಾ ವಿಷಯ ನನಗೆ ಗೊತ್ತಿಲ್ಲ, ನಾನು ಅವಳ ಚೀಟಿಯನ್ನು ನೋಡಲಿಲ್ಲ.

ಇಲ್ಲಿ ಎಲ್ಲ ಮಾಮೂಲು. ಚಿಕ್ಕಜಾಲದ ಸ್ಟಾಪಿನಲ್ಲಿ ಇಳಿದು ಸರ್ವೀಸ್ ರಸ್ತೆಯಲ್ಲಿ ಧೂಳು ಕುಡಿಯುತ್ತ ಶಾಲೆಗೆ ನಡೆಯುತ್ತೇವೆ. ಶನಿವಾರ ಸೋಲದೇವನಹಳ್ಳಿಗೆ, ಕಾಲೇಜಿಗೆ. ಪ್ರತಿಫಲನ ದಿನಚರಿ ಬರೆಯಲು ಮೂರು ತಲೆಬರಹ ಕೊಟ್ಟಿದ್ದಾರೆ: ವೈಯಕ್ತಿಕ ಬೆಳವಣಿಗೆ, ಸಂವಹನ, ತಂಡದ ಕೆಲಸ. ಒಂದೊಂದಕ್ಕೂ ನಾಲ್ಕು ಪುಟ. ನನ್ನ ವೈಯಕ್ತಿಕ ಬೆಳವಣಿಗೆ ಎರಡು ಕೆ.ಜಿ. ಎಂದು ಬರೆದರೆ ಸರ್ ಒಪ್ಪುತ್ತಾರೋ ಇಲ್ಲವೋ.

ಆರೋಗ್ಯ ನೋಡಿಕೋ. ನಾನಿಗೆ ನನ್ನ ನಮಸ್ಕಾರ.

ನಿನ್ನ
ತೇಜು

*

ಯಲಹಂಕ
2 ಡಿಸೆಂಬರ್ 2024

ದಿಲ್ಶಾದ್,

ಇದನ್ನು ಕಳಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇನ್ನೊಂದು ಕಾಗದವನ್ನು ಈಗ ತಾನೇ ಅಂಚೆ ಡಬ್ಬಿಗೆ ಹಾಕಿ ಬಂದೆ. ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಿದೆ.

ಚೀಟಿ ಬರೆದವಳು ನಾನು.

ಕಿಟಕಿ ಕಡೆ ಕೂತ ರಾಣಿ ಆವತ್ತು ಮೂರು ಸಲ ಕೇಳಿದಳು. ಸಸ್ಯ ರಾತ್ರಿ ಹೊತ್ತು ಏನು ಮಾಡುತ್ತದೆ ಮಿಸ್ ಎಂದು. ನೀನು ತಿರುಗಿಯೂ ನೋಡಲಿಲ್ಲ. ಬಾಗಿಲ ಕಡೆಯಿಂದ ಒಬ್ಬಳು ಅದನ್ನೇ ಕೇಳಿದಾಗ, ಒಳ್ಳೆಯ ಪ್ರಶ್ನೆ ಎಂದು ಮೆಚ್ಚಿ ಉತ್ತರ ಕೊಟ್ಟೆ. ರಾಣಿ ತಲೆ ತಗ್ಗಿಸಿದ್ದನ್ನು ನಾನು ಹಿಂದಿನಿಂದ ನೋಡಿದೆ. ಅದು ಆ ದಿನ ಒಂದೇ ಅಲ್ಲ, ಮೂರು ವಾರದಿಂದ ಹಾಗೇ ಇತ್ತು. ನಾನು ನಿನಗೆ ಹೇಳಬಹುದಿತ್ತು. ಊಟದ ಹೊತ್ತಿಗೆ ಕರೆದು, ಲೇ, ಆ ಕಡೆಯ ಮಕ್ಕಳನ್ನೂ ಸ್ವಲ್ಪ ನೋಡು ಅಂದಿದ್ದರೆ ಮುಗಿಯುತ್ತಿತ್ತು. ಅಂದು ಬೆಳಗ್ಗೆ ನಿನ್ನ ಮೇಲೆ ಕೋಪ ಬಂದಿತ್ತು, ಯಾಕೆಂದು ಬರೆಯಲೂ ನಾಚಿಕೆ. ಆ ಕೋಪದಲ್ಲಿ 'ಬೇಕೆಂದೇ' ಎಂದು ಸೇರಿಸಿದೆ.

'ತಮಗೆ ಬೇಕಾದ ಮಕ್ಕಳು' ಎಂದು ಟೈಪ್ ಮಾಡುವಾಗ ಆ ಮೂರು ಸ್ಕಾರ್ಫ್ ನನ್ನ ಕಣ್ಣ ಮುಂದೆ ಇರಲಿಲ್ಲ ಎಂದು ಹೇಳಿಕೊಳ್ಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಇದ್ದವೇನೋ. ಅದೇ ನನಗೆ ಹೆದರಿಕೆ.

ಹೆಡ್‌ಮಾಸ್ಟರ್ ತೆರೆಯುತ್ತಾರೆ ಎಂದು ಗೊತ್ತಿರಲಿಲ್ಲ. ಸರ್ ಓದಿ, ನಿನ್ನನ್ನು ಮೆಲ್ಲಗೆ ಕರೆದು ಬುದ್ಧಿ ಹೇಳುತ್ತಾರೆ, ನನ್ನ ಹೊಟ್ಟೆ ತಣ್ಣಗಾಗುತ್ತದೆ, ಅಷ್ಟೇ ನಾನು ಅಂದುಕೊಂಡದ್ದು. ಈಗ ನೀನು ಊರು ಬಿಟ್ಟಿದ್ದೀಯ. ನೀನು ಏನು ಹೇಳಿದರೂ ನಂಬುತ್ತೇನೆ ಎಂದು ಬರೆದಿದ್ದೀಯ. ಆ ಸಾಲು ಓದಿದ ಮೇಲೆ ಹೌದು ಎಂದು ಬರೆಯಲು ನನ್ನಿಂದ ಆಗಲಿಲ್ಲ.

ತೇಜಸ್ವಿನಿ

*

ಶಿಡ್ಲಘಟ್ಟ
16 ಡಿಸೆಂಬರ್ 2024

ಪ್ರೀತಿಯ ತೇಜು,

ನಿನ್ನ ಕಾಗದವನ್ನು ನಾನಿಗೂ ಓದಿ ಹೇಳಿದೆ. ಎರಡು ಕೆ.ಜಿ. ಕೇಳಿ ನಕ್ಕಳು. ನೀನು ಇಲ್ಲ ಎಂದು ಬರೆದದ್ದನ್ನು ಮಾತ್ರ ನಾನೊಬ್ಬಳೇ ನಾಲ್ಕು ಸಲ ಓದಿಕೊಂಡೆ. ಒಂದು ತಿಂಗಳಿನಿಂದ, ಯಾವ ಸಾಲಿನ ಕಡೆ ಎಷ್ಟು ಸಲ ತಿರುಗಿದೆ ಎಂದು ಲೆಕ್ಕ ಹಾಕುತ್ತ ಪಾಠ ಮಾಡುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಅದು ನಿಂತಿತು. ನಿಜ ಹೇಳಲೆ, ನನ್ನ ಮೇಲೆ ನನಗೇ ಒಂದು ಅನುಮಾನವಿತ್ತು. ಅದಕ್ಕೆ ಬೇರೆ ಕಾರಣವಿದೆ, ಈಗ ಬೇಡ. ನೀನು ಇಲ್ಲ ಎಂದ ಮೇಲೆ ಇಲ್ಲ.

ಹಾಗಾಗಿ ಧೈರ್ಯ ಮಾಡಿ ಎರಡು ಕೆಲಸ ಮಾಡಿದ್ದೇನೆ. ಮುರಿಗೆಪ್ಪ ಸರ್‌ಗೆ ಅರ್ಜಿ ಬರೆದೆ. ಚೀಟಿಯಲ್ಲಿರುವುದು ಸುಳ್ಳು, ದ್ವೇಷದಿಂದ ಬರೆದದ್ದು, ವಿಚಾರಣೆ ಮಾಡಿ ಎಂದೆ. ಸರ್ ಒಪ್ಪಿದ್ದಾರೆ. ಜನವರಿ 29ಕ್ಕೆ ಕಾಲೇಜಿನಲ್ಲಿ ಸಭೆ, ನಾವು ನಾಲ್ವರೂ ಇರಬೇಕಂತೆ. ಅಲ್ಲಿ ಇತ್ಯರ್ಥವಾಗದಿದ್ದರೆ ನನ್ನ ಇಂಟರ್ನ್‌ಶಿಪ್ ವರದಿಯಲ್ಲಿ 'ಮಕ್ಕಳಲ್ಲಿ ಪಕ್ಷಪಾತ' ಎಂಬ ಮಾತು ಉಳಿಯುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಯಾವ ಶಾಲೆಯವರು ನನಗೆ ಸೀಮೆಸುಣ್ಣ ಕೊಡುತ್ತಾರೆ ಹೇಳು. ಮನೆಯಲ್ಲಿ ನಮ್ಮ ಅಬ್ಬಾ ಈಗಾಗಲೇ, ಸಾಕು ಬಾ, ಅನ್ವರನ ಮೊಬೈಲ್ ಅಂಗಡಿಯಲ್ಲಿ ಕೂತುಕೋ ಅನ್ನುತ್ತಿದ್ದಾರೆ. ಅಣ್ಣನ ಅಂಗಡಿಯಲ್ಲಿ ಕೂರಲು ನಾನು ಇಷ್ಟು ಓದಲಿಲ್ಲ.

ಇನ್ನೊಂದು, ಮೋನಿಷಾಗೆ ಕಾಗದ ಬರೆದೆ. ಹಲ್ಲು ಕಚ್ಚಿ ಬರೆದೆ. ನೀನು ಟೀಚರ್ ಆಗಲು ಲಾಯಕ್ಕಿಲ್ಲ ಎಂದು ಕೂಡ ಬರೆದೆ. ಜಗನ್‌ಗೂ ಹೇಳಿದ್ದೇನೆ, ಅವಳೊಂದಿಗೆ ಹುಷಾರಾಗಿರು ಎಂದು.

ಸಭೆಯಲ್ಲಿ ನೀನು ನನ್ನ ಪರವಾಗಿ ಎರಡು ಮಾತು ಹೇಳಿದರೆ ಸಾಕು. ಬೇರೆ ಯಾರೂ ಬೇಡ.

ನಿನ್ನ
ದಿಲ್ಶಾದ್

*

ಯಲಹಂಕ
3 ಜನವರಿ 2025

ಪ್ರೀತಿಯ ದಿಲ್ಶಾದ್,

ತಡವಾಯಿತು. ಪಾಠ ಯೋಜನೆ, ಚಾರ್ಟು, ಅದು ಇದು ಎಂದು ಕಾರಣ ಕೊಡಬಹುದು. ಕೊಡುವುದಿಲ್ಲ.

ಮೋನಿಷಾ ಈಗ ಲ್ಯಾಬಿನಲ್ಲಿ ಒಬ್ಬಳೇ ಊಟ ಮಾಡುತ್ತಾಳೆ. ನಿನ್ನ ಕಾಗದ ಬಂದ ದಿನ ಅತ್ತಳಂತೆ, ಜಗನ್ ಹೇಳಿದ. ಹಾಗೆ ಹೇಳಿದವನೂ ಅವಳ ಪಕ್ಕ ಕೂರುವುದಿಲ್ಲ. ನಾನೂ ಕೂರುವುದಿಲ್ಲ. ಅವಳಿಗೆ ಇಷ್ಟು ಕಟುವಾಗಿ ಬರೆಯಬಾರದಿತ್ತು ನೀನು. ಅವಳೇ ಬರೆದಳು ಎಂಬುದಕ್ಕೆ ಸಾಕ್ಷಿ ಏನಿದೆ? ಸಭೆ ಗಿಭೆ ಎಲ್ಲ ಬೇಕಿತ್ತಾ? ಸರ್ ಹತ್ತಿರ ಹೇಳಿ ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಎಲ್ಲರಿಗೂ ನೆಮ್ಮದಿ ಅಲ್ಲವಾ, ಯೋಚಿಸು.

ಒಂದು ವಿಷಯ ಕೇಳಬೇಕು. ಹೋದ ವಾರ ನಿನಗೆ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, ನಾನು ಮಾತಾಡುತ್ತಿರುವಾಗಲೇ, ಬರೆದು ಕಳಿಸು ಎಂದು ಇಟ್ಟುಬಿಟ್ಟೆ. ನೀನು ಹೀಗೆ ಮಾಡುವುದು ಹೊಸದೇನಲ್ಲ. ನವೆಂಬರ್ ಹನ್ನೆರಡನೇ ತಾರೀಕು ನೆನಪಿದೆಯಾ? ಬೆಳಗ್ಗೆ ಬಸ್ಸಿಳಿದು ಮೂವರೂ ಶಾಲೆಗೆ ನಡೆಯುತ್ತಿದ್ದೆವು. ಮೋನಿಷಾ ನಿನ್ನ ಬಲಗಡೆ, ನಾನು ಎಡಗಡೆ. ಶಿವರಾಮ್ ಮನೆಯವರು ನನ್ನನ್ನು ಬೇಡ ಅಂದರು ಕಣೇ ಎಂದು ನಿನಗೆ ಹೇಳಿದೆ. ಒಂದು ವರ್ಷ ನಡೆದ ಮದುವೆ ಮಾತು ಮುರಿದುಬಿದ್ದದ್ದನ್ನು ನಾನು ಬಾಯಿಬಿಟ್ಟು ಹೇಳಿದ್ದು ನಿನಗೊಬ್ಬಳಿಗೇ. ನೀನು ನನ್ನ ಕಡೆ ತಿರುಗಲೂ ಇಲ್ಲ. ಸ್ವಲ್ಪ ದೂರ ನಡೆದು, "ಲ್ಯಾಬ್ ಬೀಗದ ಕೈ ಯಾರ ಹತ್ರ ಇದೆ?" ಎಂದು ಮೋನಿಷಾಳನ್ನು ಕೇಳಿದೆ. ಇಬ್ಬರೂ ಏನೋ ಮಾತಾಡಿ ನಕ್ಕಿರಿ.

ಇಷ್ಟು ದಿನ ಇದನ್ನು ನುಂಗಿಕೊಂಡಿದ್ದೆ. ಇನ್ನು ಆಗುವುದಿಲ್ಲ.

ತೇಜು

*

ಶಿಡ್ಲಘಟ್ಟ
10 ಜನವರಿ 2025

ನನ್ನ ತೇಜು,

ನಿನ್ನ ಮದುವೆ ಮಾತು ಮುರಿದ ವಿಷಯ ನನಗೆ ಗೊತ್ತಾದದ್ದು ಈ ಕಾಗದದಿಂದ. ಆಣೆ ಮಾಡಿ ಹೇಳುತ್ತೇನೆ, ಇದಕ್ಕೆ ಮೊದಲು ಗೊತ್ತಿರಲಿಲ್ಲ.

ನನಗೆ ಎಡಗಿವಿ ಕೇಳಿಸುವುದಿಲ್ಲ. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತ್ತು. ಊತ ಇಳಿಯಿತು, ಕಿವಿ ಹೋಯಿತು. ಪೂರ್ತಿ ಹೋಯಿತು, ಮಷೀನು ಹಾಕಿದರೂ ಬರುವುದಿಲ್ಲ ಎಂದರು ಡಾಕ್ಟರು. ಹೊರಗೆ ಗೊತ್ತಾದರೆ ನಾಳೆ ಹುಡುಗಿಗೆ ಸಂಬಂಧ ಸಿಗುವುದಿಲ್ಲ ಎಂದು ಅಮ್ಮಿ ಬಾಯಿ ಮುಚ್ಚಿಸಿದಳು. ಬಿ.ಎಡ್. ಸೇರುವಾಗ, ಕಿವಿ ಕೇಳದವಳನ್ನು ಟೀಚರ್ ಮಾಡುತ್ತಾರಾ ಎಂದು ನಾನೇ ಮುಚ್ಚಿಕೊಂಡೆ. ಬಸ್ಸಿನಲ್ಲಿ ನಿನಗೆ ಯಾವಾಗಲೂ ನನ್ನ ಬಲಗಡೆಯ ಸೀಟು ಹಿಡಿಯುತ್ತಿದ್ದೆ, ಅದು ಇದಕ್ಕೇ. ಫೋನಿನಲ್ಲಿ ನಾನಿಯ ಮನೆ ಹಿಂದಿನ ರೇಷ್ಮೆ ಮಷೀನುಗಳ ಸದ್ದು ಸೇರಿಕೊಂಡರೆ ಬಲಗಿವಿಗೂ ಮಾತು ಸಿಗುವುದಿಲ್ಲ. ಅಂದು ಸರ್ವೀಸ್ ರಸ್ತೆಯಲ್ಲಿ ಲಾರಿಗಳ ಸದ್ದು ಬೇರೆ ಇತ್ತು. ನೀನು ನಿನ್ನ ಎದೆಯಲ್ಲಿದ್ದದ್ದನ್ನು ಸತ್ತ ಕಿವಿಗೆ ಹೇಳಿದೆ. ನನ್ನನ್ನು ಕ್ಷಮಿಸು.

ಮೊನ್ನೆ ಇಲ್ಲಿ ಒಂದು ವಿಷಯ ನಡೆಯಿತು. ಎಂಟನೇ ಕ್ಲಾಸಿನ ಒಂದು ಹುಡುಗಿ ಪಾಠ ಮುಗಿದ ಮೇಲೆ ಬಂದು, ಟೀಚರ್, ನಿಮಗೆ ಈ ಕಡೆಯಿಂದ ಕೇಳಿಸೋದಿಲ್ವಾ ಎಂದು ನೇರವಾಗಿ ಕೇಳಿದಳು. ಹದಿನಾರು ವರ್ಷ ಮುಚ್ಚಿಟ್ಟದ್ದನ್ನು, ಆ ಕ್ಲಾಸು ನನಗೆ ಸಿಕ್ಕ ಹದಿನಾರೇ ದಿನದಲ್ಲಿ ಕಂಡುಹಿಡಿದಿದ್ದಳು. ಮಾರನೆಯ ದಿನ ಇಡೀ ಕ್ಲಾಸಿಗೆ ಹೇಳಿದೆ. ಆ ಕಡೆಯವರು ಮಾತಾಡುವಾಗ ಈಗ ಡೆಸ್ಕ್ ತಟ್ಟಿ ಎದ್ದು ನಿಲ್ಲುತ್ತಾರೆ. ಯಾರೂ ನಗಲಿಲ್ಲ. ಎಷ್ಟು ಸುಲಭವಿತ್ತು ನೋಡು.

ಅಂದಿನಿಂದ ತಲೆಯಲ್ಲಿ ಒಂದೇ ಯೋಚನೆ. ಚಿಕ್ಕಜಾಲದ ಆ ಕ್ಲಾಸಿನಲ್ಲಿ ಕಿಟಕಿ ಇದ್ದದ್ದು ನನ್ನ ಎಡಗಡೆ. ರಾಣಿ ನಿಜ ಹೇಳಿರಬಹುದಾ? ಆದರೆ ನೀನು ಇಲ್ಲ ಅಂದಿದ್ದೀಯ. ನೀನು ನೋಡಿದ್ದೀಯ. ನೀನು ಸುಳ್ಳು ಹೇಳುವವಳಲ್ಲ. ಆದರೂ ಇನ್ನೊಂದು ಸಲ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ: ನಿಜ ಏನು?

ನಿನ್ನ
ದಿಲ್ಶಾದ್

*

ಯಲಹಂಕ
13 ಜನವರಿ 2025

ದಿಲ್ಶಾದ್,

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಡಿಸೆಂಬರ್ ಎರಡರಂದು ಬರೆದು ಕಳಿಸದೆ ಉಳಿಸಿಕೊಂಡದ್ದು. ಮೊದಲು ಅದನ್ನು ಓದು. ಆಮೇಲೆ ಇದನ್ನು ಓದಬೇಕೆನಿಸದಿದ್ದರೆ ಬಿಡು.

ಅದರಲ್ಲಿ ನನ್ನ ಕೋಪಕ್ಕೆ ಕಾರಣ ಬರೆದಿಲ್ಲ. ಈಗ ನಿನಗೆ ಗೊತ್ತು. ನೀನು ನನ್ನ ದುಃಖ ಕೇಳಿಸಿಕೊಂಡೂ ಕೇಳದವಳಂತೆ ಇದ್ದೆ ಎಂದು ನಾನು ತೀರ್ಮಾನಿಸಿದೆ. ಒಂದು ಗಂಟೆ ಬಿಟ್ಟು ಕ್ಲಾಸಿನಲ್ಲಿ ನೀನು ರಾಣಿಗೂ ಹಾಗೇ ಮಾಡಿದ್ದನ್ನು ನೋಡಿದೆ. ಇವಳ ಸ್ವಭಾವವೇ ಇದು, ಬೇಕಾದವರಿಗೆ ಮಾತ್ರ ಕಿವಿ ಕೊಡುತ್ತಾಳೆ ಅನ್ನಿಸಿತು. ಎರಡೂ ಒಂದೇ ಎಂದು ನನಗೆ ಆ ದಿನವೇ ಕಂಡಿತ್ತು, ದಿಲ್ಶಾದ್. ಕಂಡಿತ್ತು, ಆದರೆ ಅರ್ಥ ಮಾತ್ರ ನಾನೇ ಕೊಟ್ಟುಕೊಂಡೆ. ನಿನ್ನ ಎಂಟನೇ ಕ್ಲಾಸಿನ ಹುಡುಗಿ ಮಾಡಿದ ಹಾಗೆ ಬಂದು ಕೇಳಲಿಲ್ಲ.

ಚೀಟಿಗಿಂತ ದೊಡ್ಡ ತಪ್ಪು ಆಮೇಲಿನದು. ನೀನು ಕೇಳಿದೆ, ನಾನು ಇಲ್ಲ ಅಂದೆ. ನಿನಗೆ ನೋವಾಗಬಾರದೆಂದೇ ಹಾಗೆ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಏನೂ ಆಗಬಾರದೆಂದು ಹಾಗೆ ಅಂದದ್ದು. ಆರೋಪ ಮೋನಿಷಾಳ ತಲೆಗೆ ಹೋಗುತ್ತಿದೆ ಎಂದು ತಿಳಿದೂ ಸುಮ್ಮನಿದ್ದೆ. ಅವಳು ಒಬ್ಬಳೇ ಊಟ ಮಾಡುವುದನ್ನು ನೋಡುತ್ತ ನನ್ನ ಡಬ್ಬಿ ಖಾಲಿ ಮಾಡಿದೆ. ಕೊನೆಗೆ ಅರ್ಜಿ ಹಿಂದಕ್ಕೆ ತೆಗೆದುಕೋ ಎಂದು ನಿನಗೇ ಬುದ್ಧಿ ಹೇಳಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ದಿನಚರಿಯಲ್ಲಿ 'ಸಂವಹನ' ಎಂಬ ಭಾಗವನ್ನು ಮುರಿಗೆಪ್ಪ ಸರ್ ಎಲ್ಲರ ಮುಂದೆ ಓದಿದರು. ಸಹೋದ್ಯೋಗಿಯ ತಪ್ಪನ್ನು ಅವಳ ಮುಖಕ್ಕೆ ಪ್ರೀತಿಯಿಂದ ಹೇಳುವುದನ್ನು ಈ ಇಂಟರ್ನ್‌ಶಿಪ್ ನನಗೆ ಕಲಿಸಿತು ಎಂದು ಅದರಲ್ಲಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೋನಿಷಾ ಕೂಡ.

ಹೊರಗೆ ಅಮ್ಮ ನಾಳೆಯ ಹಬ್ಬಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಾಳೆ, ಬಂದು ಬೆಲ್ಲ ಕತ್ತರಿಸು ಎಂದು ಕೂಗಿದಳು. ಯಾರ ಮನೆಗೂ ಎಳ್ಳು ಬೀರಲು ಹೋಗುವ ಮುಖ ನನಗಿಲ್ಲ. ಹಬ್ಬ ಮುಗಿದ ಮರುದಿನವೇ ಸೋಲದೇವನಹಳ್ಳಿಗೆ ಹೋಗಿ ಸರ್‌ಗೆ ಹೇಳುತ್ತೇನೆ. ಸಭೆಯಲ್ಲೂ ಹೇಳುತ್ತೇನೆ. ನಿನ್ನ ಕಿವಿಯ ವಿಷಯ ನಾನು ಎತ್ತುವುದಿಲ್ಲ. ಅದನ್ನು ಹೇಳುವುದೂ ಬಿಡುವುದೂ ನಿನ್ನದು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ.

ತೇಜಸ್ವಿನಿ

*

ಶಿಡ್ಲಘಟ್ಟ
6 ಫೆಬ್ರವರಿ 2025

ತೇಜಸ್ವಿನಿ,

ಮೂರು ವಾರ ನಿನಗೆ ಬರೆಯಲಿಲ್ಲ. ಬರೆಯಬಾರದೆಂದೇ ಬರೆಯಲಿಲ್ಲ.

ಸಭೆಯಲ್ಲಿ ನೀನು ಎದ್ದು ನಿಂತು ಹೇಳಿದ್ದು ಪೂರ್ತಿ ಕೇಳಿಸಿತು. ಅದಕ್ಕೆಂದೇ ಎಡಗೊನೆಯ ಕುರ್ಚಿಯಲ್ಲಿ ಕೂತಿದ್ದೆ, ಎಲ್ಲರೂ ನನ್ನ ಬಲಗಡೆಗೇ ಇರಲಿ ಎಂದು. ಒಂದು ಮಾತನ್ನೂ ನೀನು ಬಿಡಲಿಲ್ಲ. 'ಬೇಕೆಂದೇ' ಎನ್ನುವುದು ನೀನೇ ಸೇರಿಸಿದ ಮಾತು ಎಂದೂ ಹೇಳಿದೆ. ನೀನು ಕೂತ ಮೇಲೆ ನಾನು ಕಿವಿಯ ವಿಷಯ ಹೇಳಿದೆ. ಪಕ್ಷಪಾತದ ಮಾತನ್ನು ವರದಿಯಿಂದ ತೆಗೆದಿದ್ದಾರೆ. ನಿನಗೆ ಅಂಕ ಕಡಿಮೆ ಮಾಡಿ, ಉಳಿದವರದು ಮುಗಿದ ಮೇಲೂ ಅದೇ ಶಾಲೆಯಲ್ಲಿ ಇನ್ನೆರಡು ವಾರ ಪಾಠ ಮಾಡಬೇಕು ಎಂದದ್ದೂ, ದಿನಚರಿ ವಾಪಸು ಕೊಟ್ಟದ್ದೂ ಅನ್ವರ್ ಅಣ್ಣ ಕೇಳಿಕೊಂಡು ಬಂದು ಹೇಳಿದ. ನನಗೆ ಅದರಿಂದ ಸಂತೋಷವಾಗಲಿಲ್ಲ. ಸ್ವಲ್ಪವೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನೀನು ನೋಡಿದ್ದು ಸರಿಯಾಗಿತ್ತು. ಇಡೀ ಇಂಟರ್ನ್‌ಶಿಪ್ಪಿನಲ್ಲಿ ನನ್ನ ಪಾಠವನ್ನು ಅಷ್ಟು ಗಮನವಿಟ್ಟು ನೋಡಿದವಳು ನೀನೊಬ್ಬಳೇ. ಅದಕ್ಕೇ ಹೆಚ್ಚು ನೋವಾಗುತ್ತದೆ. ಕೋಪದಲ್ಲಿ ಬರೆದ ಚೀಟಿಯನ್ನು ಮರೆಯಬಲ್ಲೆ. ನೀನು ಇಲ್ಲ ಎಂದು ಬರೆದು ಕಳಿಸಿದ ಡಿಸೆಂಬರ್ ಎರಡರ ಕಾಗದವನ್ನು ನಾಲ್ಕು ಸಲ ಓದಿ ನೆಮ್ಮದಿಪಟ್ಟೆನಲ್ಲ, ಅದನ್ನು ಮರೆಯಲು ಆಗುತ್ತಿಲ್ಲ. ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಕೈ ಮುಂದೆ ಹೋಗುವುದಿಲ್ಲ.

ನನ್ನ ಪಾಲೂ ಇದೆ, ಅದನ್ನು ನಿನ್ನ ಮೇಲೆ ಹಾಕುವುದಿಲ್ಲ. ಕಿವಿಯ ವಿಷಯ ಮೊದಲ ದಿನವೇ ನಿಮಗೆ ಮೂವರಿಗೂ ಹೇಳಬೇಕಿತ್ತು. ಸಭೆ ಮುಗಿಸಿ ಸೀದಾ ಮೋನಿಷಾ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ. ಒಳಗೆ ಕರೆದು ನೀರು ಕೊಟ್ಟಳು. ಒಂದೂವರೆ ತಿಂಗಳು ಅವಳು ಒಂಟಿಯಾಗಿ ಉಂಡ ಅನ್ನವನ್ನು ನಾನು ಯಾವ ಮಾತಿನಿಂದ ತುಂಬಿಕೊಡಲಿ? ನೀನೂ ಹೋಗು. ನನಗಾಗಿ ಅಲ್ಲ.

ಇನ್ನೊಂದು ಕೆಲಸ ನನಗಾಗಿ ಮಾಡು. ಆ ಶಾಲೆಯ ಗೇಟು ದಾಟುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನೀನು ಹೇಗೂ ಹೋಗುತ್ತಿದ್ದೀಯ. ರಾಣಿಗೆ ಹೇಳು. ಮಿಸ್‌ಗೆ ಅವಳು ಬೇಡವಾಗಿರಲಿಲ್ಲ, ಅವಳ ಮಾತು ಕೇಳಿಸುತ್ತಿರಲಿಲ್ಲ ಎಂದು ಹೇಳು. ಕಿವಿಯ ವಿಷಯ ಮುಚ್ಚಬೇಡ. ಅವಳು ಏನಂದಳೋ ಅದನ್ನು ಹಾಗೇ ಬರೆ. ನನಗೆ ಹಿತವಾಗಲಿ ಎಂದು ಏನನ್ನೂ ಸೇರಿಸಬೇಡ, ಬಿಡಬೇಡ.

ದಿಲ್ಶಾದ್

*

ಯಲಹಂಕ
24 ಫೆಬ್ರವರಿ 2025

ದಿಲ್ಶಾದ್,

ನೀನು ಹೇಳಿದ ಎರಡೂ ಕೆಲಸ ಮಾಡಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೋನಿಷಾ ಮನೆಗೆ ಭಾನುವಾರ ಹೋದೆ. ನಾನು ಹೇಳುವುದನ್ನೆಲ್ಲ ತಡೆಯದೆ ಕೇಳಿದಳು. ಆಮೇಲೆ, "ದಿಲ್ಶಾದ್ ಬೈದಿದ್ದು ಬಿಡೇ, ಅವ್ಳಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ನನ್ ಕಡೆ ಬೆನ್ನು ಮಾಡ್ಕೊಂಡು ಊಟ ಮಾಡ್ತಿದ್ದೆ" ಅಂದಳು. ಹೌದು ಎಂದೆ. ಆಮೇಲೆ ಶಾಲೆಯಲ್ಲಿ ಎರಡು ದಿನ ಅವಳ ಜೊತೆ ಲ್ಯಾಬಿನಲ್ಲಿ ಊಟಕ್ಕೆ ಕೂತೆ. ಅವಳು ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೂರನೇ ದಿನ ತನ್ನ ಉಪ್ಪಿನಕಾಯಿ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು. ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ.

ರಾಣಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು. ದಿನಾ ನಾಳೆ ಎಂದುಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ಅವಳು ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾಳೆ. ನನ್ನ ಪಾಠದಲ್ಲೂ ಅಷ್ಟೇ, ಬೇರೆ ಟೀಚರುಗಳ ಪಾಠದಲ್ಲೂ ಅಷ್ಟೇ. ನವೆಂಬರಿನಿಂದ ಒಂದು ಪ್ರಶ್ನೆಯನ್ನೂ ಕೇಳಿಲ್ಲವಂತೆ. ಮೊದಲು ಇಷ್ಟು ಪ್ರಶ್ನೆ ಕೇಳುತ್ತಿದ್ದ ಹುಡುಗಿಗೆ ಏನಾಯಿತೋ ಎಂದು ಗಣಿತದ ಮೇಡಂ ನನ್ನನ್ನೇ ಕೇಳಿದರು. ನಾನು ಚೀಟಿ ಬರೆದದ್ದು ಈ ಹುಡುಗಿಯ ಪರವಾಗಿ ಎಂದು ಒಂದು ಕಾಲದಲ್ಲಿ ನಂಬಿದ್ದೆ.

ಶುಕ್ರವಾರ ಆಟದ ಪೀರಿಯಡ್ಡಿನಲ್ಲಿ ಅವಳನ್ನು ಕರೆದು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು. ಅವಳ ಮಾತನ್ನು ಹಾಗೇ ಬರೆಯುತ್ತೇನೆ.

"ದಿಲ್ಶಾದ್ ಮಿಸ್ ನಾನ್ ಬರ್ಕೊಟ್ಟಿದ್ದಕ್ಕೇ ವೋಗಿದ್ದಾ, ಮಿಸ್?"

ಮೂರು ತಿಂಗಳಿನಿಂದ ಅದನ್ನು ಹೊತ್ತುಕೊಂಡಿದ್ದಳು, ದಿಲ್ಶಾದ್. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ. ನಾನು ಎಲ್ಲ ಹೇಳಿದೆ. ಮಿಸ್ ಹೋಗಿದ್ದು ನಿನ್ನಿಂದ ಅಲ್ಲ, ನಾನು ಬರೆದ ಚೀಟಿಯಿಂದ ಎಂದೆ. ಮಿಸ್‌ಗೆ ನೀನು ಬೇಡವಾಗಿರಲಿಲ್ಲ, ಆ ಕಡೆಯ ಕಿವಿ ಚಿಕ್ಕಂದಿನಲ್ಲೇ ಹೋಗಿದೆ, ನಿನ್ನ ಮಾತು ಅವರನ್ನು ಮುಟ್ಟುತ್ತಲೇ ಇರಲಿಲ್ಲ ಎಂದೆ. ಅವಳು ಅಳಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಮಿಸ್‌ಗೆ ಅದು ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದೆ. ನಾನು ಕೂಗಿದ್ದು, ಮಿಸ್ ಈ ಕಡೆ ತಿರುಗದೇ ಇದ್ದದ್ದು ನಿಮಗೆ ಹಿಂದಿನಿಂದ ಕಾಣಿಸುತ್ತಿತ್ತಾ ಎಂದು ಕೇಳಿದಳು. ಕಾಣಿಸುತ್ತಿತ್ತು ಎಂದೆ.

ಆಗ ಅವಳು ನನ್ನ ಮುಖ ನೋಡಿ ಹೇಳಿದಳು: "ಯಾರಾನಾ ಒಬ್ರು ಯೇಳ್ಬೋದಿತ್ತಲ್ಲ ಮಿಸ್. ನಾನು ಎದ್ದೋಗಿ ಆ ಕಡೆ ಕೂತ್ಕಂತಿದ್ದೆ."

ಬೆಲ್ ಆಯಿತು, ಅವಳು ಎದ್ದು ಕ್ಲಾಸಿಗೆ ಹೋದಳು. ನಾನು ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ.

ತೇಜಸ್ವಿನಿ